ನಮ್ಮ ಅತ್ತೆ ತಮ್ಮವರಲ್ಲ: ಅನ್ಯಗ್ರಹದ ಸಮಸ್ತ ಮಹನೀಯರಿಗೆ ಒಂದು ದೂರು

ಮಾನ್ಯರೇ,

ದೊಡ್ಡ ತಲೆ, ಚಿಕ್ಕ ಬಾಯಿ, ಬೂದಿ ಬಣ್ಣದ ಮೈಯುಳ್ಳ ಕುಳ್ಳ ಮಹನೀಯರಿಗೂ, ಹಲ್ಲಿಯ ಚರ್ಮದ ಮೇಲೆ ಮನುಷ್ಯರ ಕೋಟು ತೊಟ್ಟು ದೊಡ್ಡ ದೊಡ್ಡ ಕುರ್ಚಿಗಳಲ್ಲಿ ಕೂತಿದ್ದೀರೆಂದು ಹೇಳಲಾಗುವ ಸರೀಸೃಪ ಮಹಾಶಯರಿಗೂ, ಬೆಳ್ಳಗೆ ಎತ್ತರವಾಗಿ ಹೊಂಗೂದಲು ಬಿಟ್ಟುಕೊಂಡು ಯಾರಿಗೂ ಕೆಡುಕು ಮಾಡದೆ ಬರೀ ಉಪದೇಶ ಮಾಡಿ ಹೋಗುವ ಸಾತ್ವಿಕ ಪಂಗಡದವರಿಗೂ, ಮಿಡತೆಯ ಮೈಕಟ್ಟಿನ ವೈದ್ಯವರ್ಗಕ್ಕೂ, ಆಡು ಕುರಿಗಳ ನೆತ್ತರನ್ನಷ್ಟೇ ಕುಡಿದು ಮಾಂಸವನ್ನು ಮಾಲೀಕರಿಗೇ ಬಿಟ್ಟುಹೋಗುವ ಉದಾರಿಗಳಿಗೂ, ಕೋಲಾರ ಚಿನ್ನದ ಗಣಿಯ ಉರಿಗಾಂ ಮಗ್ಗುಲಲ್ಲಿ ವಾಸವಾಗಿರುವ ಸುಕನ್ಯ ಎಂಬ ನಾನು ಆಕಾಶದ ಕಡೆಗೆ ಮುಖಮಾಡಿ ಸಲ್ಲಿಸುವ ನಮಸ್ಕಾರಗಳು. ತಮ್ಮ ಪೈಕಿ ಯಾರು ಹಿರಿಯರು ಯಾರು ಕಿರಿಯರು ಎಂಬುದು ನನಗೆ ತಿಳಿಯದ ಕಾರಣ ಹೆಸರು ಹೇಳಿದ ಕ್ರಮದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು; ಹೊಟ್ಟೆ ಇಲ್ಲದವರು ತಮಗೆ ಅನುಕೂಲವಾದ ಅಂಗಕ್ಕೆ ಹಾಕಿಕೊಳ್ಳಬಹುದು. ತಾವು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆಯಾದರೂ, ನನ್ನ ತಕರಾರು ಅದರ ಬಗ್ಗೆಯೇ ಇರುವುದರಿಂದ ಆ ವಾಕ್ಯವನ್ನು ಸದ್ಯಕ್ಕೆ ಬರೆಯದೆ ಬಿಟ್ಟಿದ್ದೇನೆ.

ನಾನು ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ನನ್ನ ಯಜಮಾನರಾದ ಬಾಲಾಜಿಯವರು ಆಟೋ ಓಡಿಸುತ್ತಾರೆ. ಎರಡನೇ ತರಗತಿಯಲ್ಲಿ ಓದುವ ಭಾನುಪ್ರಿಯ ಎಂಬ ಮಗಳಿದ್ದಾಳೆ. ಮನೆಯ ಯಜಮಾನಿಕೆ ಮಾತ್ರ ಇವತ್ತಿಗೂ ನಮ್ಮ ಅತ್ತೆ ಅಶ್ವತ್ಥಮ್ಮನವರದು. ಒಂದು ಹಸು, ಒಂದಿಷ್ಟು ಆಡುಗಳು ಮತ್ತು ನಾವು ಮೂವರು, ಈ ಎಲ್ಲರನ್ನೂ ಅವರು ಒಂದೇ ಧ್ವನಿಯಲ್ಲಿ ಗದರಿಸಿ ಸಾಕುತ್ತಿದ್ದಾರೆ. ನಮ್ಮ ಮನೆಯ ಹಿತ್ತಿಲ ಬಾಗಿಲು ತೆರೆದರೆ ಸೈನೈಡ್ ದಿಬ್ಬ ಕಾಣುತ್ತದೆ. ತಾವು ಮೇಲಿನಿಂದ ನೋಡಿ ಅದನ್ನು ಮರಳುಗಾಡು ಎಂದುಕೊಂಡಿರಬಹುದು. ಅಲ್ಲ. ನಮ್ಮ ಹಿರಿಯರು ಭೂಮಿಯ ಹೊಟ್ಟೆಯಿಂದ ಹೊತ್ತು ತಂದ ಕಲ್ಲನ್ನು ಹಿಟ್ಟು ಮಾಡಿ, ಅದರಲ್ಲಿದ್ದ ಚಿನ್ನವನ್ನು ಬೇಕಾದವರು ಬೇಕಾದ ಕಡೆಗೆ ತೆಗೆದುಕೊಂಡು ಹೋದ ಮೇಲೆ, ಉಳಿದ ಹಿಟ್ಟನ್ನು ಮಾತ್ರ ಬಹಳ ನಂಬಿಕೆಯಿಂದ ನಮ್ಮ ವಶಕ್ಕೆ ಬಿಟ್ಟಿದ್ದಾರೆ. ಗಣಿ ಮುಚ್ಚಿತು; ಹಿಟ್ಟು ಮುಚ್ಚಲಿಲ್ಲ. ಆಷಾಢದ ಗಾಳಿ ಎದ್ದಿತೆಂದರೆ ಆ ದಿಬ್ಬ ಕೂತಲ್ಲಿ ಕೂರದೆ ಮನೆಮನೆಗೆ ಬಂದು, ಅನ್ನದ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮಲಗಿದ ಮಕ್ಕಳ ರೆಪ್ಪೆಯ ಮೇಲೆ ಕೂರುತ್ತದೆ. ನಮ್ಮ ಭಾನುಪ್ರಿಯಳಿಗೆ ಆ ದಿನಗಳಲ್ಲಿ ಉಸಿರು ಎಳೆದರೆ ಎದೆಯೊಳಗೆ ಯಾರೋ ಪೀಪಿ ಊದಿದಂತೆ ಸದ್ದಾಗುತ್ತದೆ. ಆಸ್ಪತ್ರೆಗೆ ಎತ್ತಿಕೊಂಡು ಓಡಿ, ಮೂತಿಗೆ ಹಬೆಯ ಮುಖವಾಡ ಹಾಕಿಸಿ, ಅದು ಬುಸುಬುಸು ಎನ್ನುವಷ್ಟು ಹೊತ್ತು ಅವಳ ಬೆನ್ನು ಸವರುತ್ತಾ ಕೂರುವುದು ನಮ್ಮ ಆಷಾಢದ ವ್ರತ.

ಈ ಕುರಿತು ನಾವು ಸುಮ್ಮನಿದ್ದೆವೆಂದು ತಾವು ಭಾವಿಸಬಾರದು. ದಿಬ್ಬಕ್ಕೆ ನೀರಾದರೂ ಚಿಮುಕಿಸಿ, ಗಿಡವಾದರೂ ನೆಡಿ ಎಂದು ಬೀದಿಯವರೆಲ್ಲ ಸೇರಿ ಬೇಡಿಕೊಂಡಾಗ, ಬಂಗಾರಪೇಟೆಯ ಒಂದು ಕಚೇರಿಯವರು ಬಹಳ ಮರ್ಯಾದೆಯಿಂದ ಕೂರಿಸಿ, ಭೂಪಟ ಬಿಡಿಸಿ, ನಮ್ಮ ಬೀದಿ ಇರಬೇಕಾದ ಜಾಗದ ಮೇಲೆ ಬೆರಳಿಟ್ಟು, ಆ ಭಾಗದಲ್ಲಿ ಜನವಸತಿಯೇ ಇಲ್ಲವೆಂದು ನಮಗೆ ತಿಳಿಸಿಕೊಟ್ಟರು. ಹೋಗುವಾಗ ಬಾಗಿಲು ಹಾಕಿಕೊಂಡು ಹೋಗಿ, ಧೂಳು ಬರುತ್ತದೆ ಎಂದೂ ಹೇಳಿದರು.

ಹೀಗಿರುವಾಗ ಕಳೆದ ಬೇಸಿಗೆಯ ಕೊನೆಯಲ್ಲಿ ನಮ್ಮ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಶಿಬಿರದವರು ಮುಖದ ಅರ್ಧ ಭಾಗ ಮುಚ್ಚುವಂತಹ ಕಪ್ಪು ಕನ್ನಡಕವೊಂದನ್ನು ಹಾಕಿ, ಬಿಸಿಲಿಗೆ ಧೂಳಿಗೆ ತೆಗೆಯಬಾರದೆಂದು ಎಚ್ಚರಿಸಿ ಕಳಿಸಿದರು. ಮನೆಯಲ್ಲಿ ಸುಮ್ಮನೆ ಕೂತುಕೊಳ್ಳಿ ಎಂದು ನಾವೂ ಹೇಳಿದೆವು. ಆದರೆ ಆಡುಗಳು ಶಿಬಿರದವರ ಮಾತು ಕೇಳುವುದಿಲ್ಲವಷ್ಟೇ. ಅತ್ತೆಯವರು ಖಾಲಿ ಸಿಮೆಂಟ್ ಚೀಲವನ್ನು ಕೊಪ್ಪೆಯಂತೆ ಮಡಚಿ ತಲೆಗೆ ಹಾಕಿಕೊಂಡು, ಸೊಪ್ಪು ಎಳೆಯುವ ಉದ್ದನೆಯ ದೋಟಿ ಹಿಡಿದು, ದಿಬ್ಬದ ಬದಿಯ ಜಾಲಿಗಿಡಗಳ ಕಡೆಗೆ ಆಡು ಹೊಡೆದುಕೊಂಡು ಹೊರಟರು. ಆವತ್ತು ಗಾಳಿಯೂ ಹೊರಟಿತು. ಧೂಳಿನ ಮಧ್ಯೆ ತಲೆಯಿಂದ ಕಾಲಿನವರೆಗೆ ಬೂದಿ ಬಣ್ಣವಾಗಿ, ಚೂಪು ಗಲ್ಲದ ಮೇಲೆ ಎರಡು ದೊಡ್ಡ ಕರಿಗಣ್ಣುಗಳಾಗಿ, ಉಬ್ಬಿದ ಚೀಲವೇ ತಲೆಯಾಗಿ, ನಮ್ಮ ಅತ್ತೆ ದಿಬ್ಬದ ನೆತ್ತಿಯ ಮೇಲೆ ಒಂದು ಗಳಿಗೆ ನಿಂತರು. ಕೆಳಗಡೆ ಮದುವೆಯ ಫೋಟೋ ತೆಗೆಸಲು ಬಂದಿದ್ದ ಬೆಂಗಳೂರಿನ ಜೋಡಿಯೊಂದು ಅದನ್ನು ಚಿತ್ರೀಕರಿಸಿಕೊಂಡು, ವಧುವಿನ ಒಂದು ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿಹೋಯಿತು.

ಮಾರನೆಯ ದಿನದ ಹೊತ್ತಿಗೆ ಆ ವಿಡಿಯೋ ಎಲ್ಲರ ಮೊಬೈಲಿನಲ್ಲಿತ್ತು. ನಮ್ಮ ಯಜಮಾನರು ಅದನ್ನು ಅತ್ತೆಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ಯಾರೋ ಪಾಪ, ಅನ್ನ ಕಂಡು ಎಷ್ಟು ದಿನ ಆಯ್ತೋ ಏನೋ, ಕಡ್ಡಿ ಇದ್ದಂಗೆ ಅವ್ಳೆ" ಎಂದು ಮರುಗಿದರು. ಆಮೇಲೆ ಫೋನನ್ನು ಹತ್ತಿರಕ್ಕೆ ಹಿಡಿದು, "ಲೇ ಬಾಲಾಜಿ, ಇದು ನಮ್ಮ ಕುಂಟು ಮೇಕೆ ಕಣ್ಲಾ! ಆ ದರಿದ್ರದೋಳ ಹಿಂದೆ ಯಾಕ್ ಓಯ್ತು ಇದು?" ಎಂದು ಎದ್ದು ಕೂತರು. ಭಾನುಪ್ರಿಯ, "ಅಜ್ಜೀ, ಅದು ನೀನೇ" ಎಂದಾಗ ಮನೆಯಲ್ಲಿ ಎದ್ದ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅತ್ತೆಯವರು ನಗಲಿಲ್ಲ. "ಇಷ್ಟು ಬಡವಾಗಿದೀನೇನಮ್ಮಾ ನಾನು?" ಎಂದು ನನ್ನನ್ನು ಕೇಳಿ, ಆ ಮಧ್ಯಾಹ್ನ ಎರಡು ಮುದ್ದೆ ಹೆಚ್ಚು ಉಂಡರು.

ಆಗ ತಮ್ಮ ಕುಲದ ಭೂಲೋಕ ವಕ್ತಾರರೊಬ್ಬರು ಬಂದರು. ಜೇಬುಗಳೇ ತುಂಬಿದ ಅಂಗಿ ತೊಟ್ಟ, ಯಾವ ವಿಷಯದಲ್ಲೆಂದು ಯಾರೂ ಕೇಳದ ಡಾಕ್ಟರ್ ಪದವಿಯ ಆ ಅನ್ಯಲೋಕ ತಜ್ಞರು, ದಿಬ್ಬದ ಕೆಳಗೆ ಮೈಕು ಹಿಡಿದು ನಿಂತು, ಕಂಡದ್ದು ಬೂದು ಪಂಗಡದ ಜೀವಿಯೆಂದೂ, ಭೂಮಿಯೊಳಗೆ ಉಳಿದಿರುವ ಚಿನ್ನಕ್ಕಾಗಿ ಬಂದಿದೆಯೆಂದೂ, ಅದರ ಸಂಗಡ ಇದ್ದ ನಾಲ್ಕು ಕಾಲಿನವು ಅದು ತಂದ ಶೋಧಕ ಯಂತ್ರಗಳೆಂದೂ ತಮ್ಮ ಚಾನೆಲ್ಲಿನಲ್ಲಿ ಸಾರಿದರು. ನಮ್ಮ ಕುಂಟು ಮೇಕೆಗೆ ಅಂತಹ ಗೌರವ ಹಿಂದೆಂದೂ ಸಿಕ್ಕಿರಲಿಲ್ಲ. ಅಲ್ಲಿಂದ ಮುಂದೆ ಅವರ ಜ್ಞಾನಕ್ಕೆ ನಮ್ಮ ಸಂಸಾರವೇ ಆಹಾರವಾಯಿತು. ದೋಟಿ ಎತ್ತಿ ಸೊಪ್ಪು ಎಳೆಯುತ್ತಿದ್ದ ಅತ್ತೆಯವರ ತೋಳು ದೂರದಿಂದ ಮೂರು ಗಂಟಿನ ಕೊಂಡಿಗೈಯಾಗಿ ಕಂಡು, ಮಿಡತೆ ವರ್ಗದ ಮುಖ್ಯ ಶಸ್ತ್ರವೈದ್ಯರು ಬಂದಿಳಿದಿದ್ದಾರೆಂದು ಪ್ರಕಟವಾಯಿತು. ಬಿಳಿ ಪಂಚೆ ಬಿಳಿ ಟವೆಲ್ಲಿನಲ್ಲಿ ಆಡು ಹುಡುಕಲು ಹೋದ ನಮ್ಮ ಯಜಮಾನರು, ಅವರ ಎತ್ತರದ ದೆಸೆಯಿಂದ, ಬೆಳ್ಳನೆಯ ಸಾತ್ವಿಕ ಪಂಗಡಕ್ಕೆ ಸೇರಿದರು. ಮದುವೆಯಾದಾಗಿನಿಂದ ನಾನು ಕಾಣದಿದ್ದ ಆ ಸಾತ್ವಿಕತೆಯನ್ನು ತಜ್ಞರು ಅರ್ಧ ಮೈಲಿ ದೂರದಿಂದ ಗುರುತಿಸಿದರು. ಮುಖಕ್ಕೆ ವೇಲು ಸುತ್ತಿ, ಕೊಡೆ ಹಿಡಿದು ಶಾಲೆಯಿಂದ ಬರುತ್ತಿದ್ದ ನಾನು ಮನುಷ್ಯರಿಗೂ ತಮಗೂ ಹುಟ್ಟಿದ ಮಿಶ್ರತಳಿ ಎನಿಸಿಕೊಂಡೆ. ನಮ್ಮ ತಂದೆ ವೆಂಕಟರಾಮಪ್ಪನವರು ಬೂದಿಕೋಟೆಯಲ್ಲಿ ಈ ವಿಡಿಯೋ ನೋಡಿ, ನಮ್ಮ ತಾಯಿಯವರ ಮುಖವನ್ನೊಮ್ಮೆ ನೋಡಿ, ಡೈರಿಗೆ ಹಾಲು ಹಾಕಲು ಹೊರಟುಹೋದರಂತೆ.

ಕನ್ನಡ ಪಾಠ ಹೇಳುವ ನನಗೆ ತಪ್ಪು ತಿದ್ದುವ ಚಟವಿದೆ. ತಜ್ಞರ ಬಳಿಗೆ ಹೋಗಿ, ಸ್ವಾಮಿ, ಅದು ನನ್ನ ಅತ್ತೆ, ಅವರಿಗೆ ಚಿನ್ನ ಬೇಡ, ಬೇಕಾದರೆ ಸ್ವಲ್ಪ ಹುಲ್ಲು ಸಾಕು ಎಂದು ಹೇಳಿಬಿಡಬೇಕೆಂದು ಸೀರೆ ಬದಲಿಸಿ ಹೊರಟಿದ್ದೆ. ಬಾಗಿಲು ದಾಟುವಷ್ಟರಲ್ಲಿ ನೀರಿನ ಟ್ಯಾಂಕರುಗಳು ಬಂದವು.

ಮಹನೀಯರೇ, ಅದನ್ನು ನೋಡಲು ತಾವು ಇರಬೇಕಿತ್ತು. ನಮ್ಮ ಬೀದಿ ಭೂಪಟದಲ್ಲಿಲ್ಲವೆಂದು ತೋರಿಸಿಕೊಟ್ಟಿದ್ದ ಅದೇ ಕಚೇರಿಯ ಸಾಹೇಬರು, ಭೂಪಟದ ಸಹಾಯವಿಲ್ಲದೆಯೇ ದಾರಿ ಕಂಡುಕೊಂಡು ಜೀಪಿನಲ್ಲಿ ಬಂದಿಳಿದರು. ಅನ್ಯಗ್ರಹದ ಅತಿಥಿಗಳ ವೀಕ್ಷಣೆಗೆ ಧೂಳು ಅಡ್ಡಿಯಾಗುತ್ತಿದೆ, ಕ್ಯಾಮೆರಾಗಳು ಹಾಳಾಗುತ್ತಿವೆ, ಊರಿನ ಹೆಸರು ಹೊರಗೆ ಹೋಗುವಾಗ ಚೆನ್ನಾಗಿ ಹೋಗಬೇಕು ಎಂದು ಹೇಳಿ, ಬೆಳಿಗ್ಗೆ ಸಂಜೆ ದಿಬ್ಬಕ್ಕೆ ನೀರು ಹೊಡೆಸಲು ಅಪ್ಪಣೆ ಮಾಡಿದರು. ಗಾಳಿ ಅಳೆಯುವ ಯಂತ್ರವೊಂದು ಬಂದಿತು. ಅಲ್ಲಿನ ಗಾಳಿ ತಮ್ಮಂಥವರ ಶ್ವಾಸಕ್ಕೆ ಒಗ್ಗುತ್ತದೆಯೋ ಇಲ್ಲವೋ ಎಂದು ಅಳೆದುಕೊಂಡು, ಒಗ್ಗುವುದಿಲ್ಲವೆಂದು ಕಂಡು ಅವರು ಬಹಳ ಕಳವಳಪಟ್ಟರು.

ಆ ದಿನಗಳನ್ನು ನಾನು ಹೇಗೆ ಬಣ್ಣಿಸಲಿ? ಗಾಳಿ ಬರುತ್ತಿತ್ತು, ಧೂಳು ಬರುತ್ತಿರಲಿಲ್ಲ. ತಂತಿಯ ಮೇಲೆ ಹಾಕಿದ ಬಿಳಿ ಸಮವಸ್ತ್ರ ಬಿಳಿಯಾಗಿಯೇ ಒಣಗುತ್ತಿತ್ತು. ಆಷಾಢದ ನಟ್ಟನಡುವೆ ಭಾನುಪ್ರಿಯ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿ, ಬೆವತು, ಓಡಿಬಂದು ನನ್ನ ಸೊಂಟ ತಬ್ಬಿಕೊಂಡಾಗ ನಾನು ಅಭ್ಯಾಸಬಲದಿಂದ ಅವಳ ಬೆನ್ನಿಗೆ ಕಿವಿಯಿಟ್ಟೆ. ಎದೆ ಬಡಿಯುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. "ಏನಮ್ಮಾ ಕೇಳಿಸ್ಕೋತಾ ಇದೀಯ?" ಎಂದಳು. ಏನೂ ಇಲ್ಲ ಕಂದ ಎಂದೆ. ಅಷ್ಟು ಸಂತೋಷದಿಂದ ಆ ಮಾತನ್ನು ನಾನು ಯಾವತ್ತೂ ಆಡಿರಲಿಲ್ಲ.

ತಜ್ಞರ ಬಳಿಗೆ ಹೋಗುವ ನನ್ನ ಸೀರೆ ಮತ್ತೆ ಪೆಟ್ಟಿಗೆ ಸೇರಿತು. ಆದರೂ ಮನಸ್ಸು ಒಪ್ಪದೆ ಅಡುಗೆಮನೆಯಲ್ಲಿ, ಇದು ಸುಳ್ಳಲ್ಲವೇ ಅತ್ತೆ, ಗೊತ್ತಾದರೆ ಮಾನ ಉಳಿಯುತ್ತದೆಯೇ ಎಂದು ಕೇಳಿದೆ. ಅವರು ಒಲೆಯ ಮುಂದೆ ಕೂತು ಹಿಟ್ಟು ತಿರುವುತ್ತಾ, "ಮುದುಕಿ ಅಂತ ಇಷ್ಟು ವರ್ಸ ಆ ಗುಡ್ಡದ ಮೇಲೆ ಓಡಾಡ್ದೆ, ಒಬ್ಬ ತಿರುಗಿ ನೋಡ್ಲಿಲ್ಲ. ದೆವ್ವಾನೋ ಪಿಶಾಚೀನೋ ಅಂದ್ಮೇಲೆ ನೀರು ಉಯ್ತಾ ಅವ್ರೆ. ಉಯ್ಲಿ ಬಿಡು. ಮಗು ಉಸುರಾಡ್ತಾ ಅದೆ, ಅಷ್ಟು ಸಾಲ್ದಾ?" ಎಂದರು. ಅಷ್ಟೇ ಅಲ್ಲ, ಗಾಳಿ ಕಡಿಮೆಯಾಗುವವರೆಗೆ ಜನರ ಕುತೂಹಲ ಆರಬಾರದೆಂದು, ಆಡುಗಳಿಗೆ ಬೇರೆ ಕಡೆ ಮೇವಿದ್ದರೂ, ವಾರಕ್ಕೆ ಕೆಲವು ಸಲ ಕೊಪ್ಪೆ ಹಾಕಿಕೊಂಡು ದಿಬ್ಬ ಹತ್ತಿ ಇಳಿಯುವ ಕೆಲಸವನ್ನು ಅತ್ತೆಯವರೇ ವಹಿಸಿಕೊಂಡರು. ತಾವು ಬಂದು ಮಾಡಬೇಕಾಗಿದ್ದ ಕೆಲಸವನ್ನು, ಮಂಡಿನೋವಿನ ಒಬ್ಬ ಹೆಂಗಸು ತಮ್ಮ ಪರವಾಗಿ ಮಾಡಿದರು ಎಂಬುದನ್ನು ದಯಮಾಡಿ ಮನಸ್ಸಿನಲ್ಲಿಡಬೇಕು.

ಬೀದಿಯ ಎಲ್ಲರಿಗೂ ಗುಟ್ಟು ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಎಲ್ಲರ ಮನೆಯಲ್ಲೂ ಮಕ್ಕಳಿದ್ದರು. ಎದುರುಮನೆಯ ಆಂಜಿನಪ್ಪನವರು ಬೇಯಿಸಿದ ಕಡಲೆಕಾಯಿ ಮಾರಲು ಕೂತರು. ಬಂಗಾರಪೇಟೆಯಿಂದ ಪಾನಿಪುರಿ ಗಾಡಿಗಳು ಬಂದವು; ನೀರಿನಷ್ಟೇ ತಿಳಿಯಾದ ಪಾನಿಯಲ್ಲಿ ಅದ್ದಿ ಕೊಟ್ಟ ಪೂರಿಯನ್ನು ಬಾಯಿಗಿಟ್ಟುಕೊಂಡ ಜನ, ಖಾರಕ್ಕೆ ಬಂದ ಕಣ್ಣೀರಿನಲ್ಲಿಯೇ ತಮ್ಮ ದರ್ಶನ ಪಡೆಯುತ್ತಿದ್ದರು. ನನ್ನ ತರಗತಿಯ ಮಕ್ಕಳಂತೂ ಸಂಧಿ ಸಮಾಸಗಳನ್ನು ಬದಿಗಿಟ್ಟು, ಮಿಸ್, ಅವರಿಗೆ ಕಿವಿ ಇದೆಯಾ, ಕನ್ನಡ ಬರುತ್ತಾ ಎಂದು ಕೇಳುತ್ತಿದ್ದರು. ಕನ್ನಡ, ತೆಲುಗು ಎರಡೂ ಬರುತ್ತವೆ, ತಮಿಳಿನಲ್ಲಿ ಬೈಯಲು ಬರುತ್ತದೆ ಎಂಬ ಸತ್ಯವನ್ನು ನಾನು ಬಾಯಿಯ ತುದಿಯವರೆಗೆ ತಂದು ನುಂಗಿಕೊಂಡೆ.

ಇಲ್ಲಿಂದ ಮುಂದೆ ನನ್ನ ದೂರು ಶುರುವಾಗುತ್ತದೆ.

ಒಂದು ಭಾನುವಾರ ಮಧ್ಯಾಹ್ನ ತಜ್ಞರು ನೇರ ಪ್ರಸಾರ ಏರ್ಪಡಿಸಿದ್ದರು. ಸಾಹೇಬರಿಗೆ ನೆರಳಿನಲ್ಲಿ ಕುರ್ಚಿ ಹಾಕಿತ್ತು. ದಿಬ್ಬದ ಕೆಳಗೆ ಜನವೋ ಜನ. ಟ್ಯಾಂಕರುಗಳು ನೀರು ಹೊಡೆದು ಹೋಗಿದ್ದರೂ ಆವತ್ತಿನ ಗಾಳಿ ಮೊಂಡು ಗಾಳಿ; ಒದ್ದೆ ಮೇಲ್ಪದರವನ್ನು ಸೀಳಿ ಒಣಗಿದ್ದ ಹಿಂಬದಿಯಿಂದ ಹಿಟ್ಟನ್ನು ಮೇಲೆಬ್ಬಿಸುತ್ತಿತ್ತು. ಇವತ್ತು ಬೇಡ ಅತ್ತೆ ಎಂದು ನಾನು ಹೇಳಿದ್ದೆ. "ಇಷ್ಟು ಜನ ಬಂದವ್ರೆ, ಬರ್ಲಿಲ್ಲ ಅಂದ್ರೆ ನಾಳೆ ನೀರು ನಿಲ್ಲಿಸ್ಬುಡ್ತಾರೆ" ಎಂದು ಅವರು ಹೊರಟರು. ನಾನು ಜನರ ನಡುವೆ ನಿಂತು ನೋಡುತ್ತಿದ್ದೆ. ಅವರು ನೆತ್ತಿ ತಲುಪಿದರು. ಜನ ಹೋ ಎಂದರು. ಅವರು ಒಂದು ಹೆಜ್ಜೆ ಮುಂದಿಟ್ಟು, ನಿಂತು, ದೋಟಿಯನ್ನು ಊರಿಕೊಂಡು ಬಗ್ಗಿದರು. ಕೆಮ್ಮು ಹಿಡಿದಿತ್ತು. ಒಂದೇ ಸಮನೆ ಕೆಮ್ಮುತ್ತಾ ಬಗ್ಗಿದವರು ಏಳಲಿಲ್ಲ. ಮೊಣಕಾಲೂರಿ, ಹಾಗೆಯೇ ಪಕ್ಕಕ್ಕೆ ವಾಲಿ, ಇಳಿಜಾರಿನಲ್ಲಿ ಅರ್ಧದವರೆಗೆ ಉರುಳಿ ಬಂದು ಬಿದ್ದುಕೊಂಡರು.

ತಜ್ಞರು ಮೈಕಿನಲ್ಲಿ, ಅದು ತನ್ನ ಗ್ರಹಕ್ಕೆ ಸಂದೇಶ ಕಳಿಸುತ್ತಿದೆ, ಎದೆಯಿಂದ ಬರುತ್ತಿರುವ ಆ ಸದ್ದನ್ನು ಗಮನಿಸಿ, ಯಾರೂ ಹತ್ತಿರ ಹೋಗಬೇಡಿ, ವಿಕಿರಣ ಇರುತ್ತದೆ ಎಂದು ಕೂಗಿದರು. ಯಾರೂ ಹೋಗಲಿಲ್ಲ. ಸಾಹೇಬರು ಎದ್ದು ನಿಂತು ಕುರ್ಚಿಯ ಹಿಂದಕ್ಕೆ ಸರಿದರು. ಅಲ್ಲಿದ್ದ ಪ್ರತಿಯೊಂದು ಕೈಯೂ ಮೇಲಕ್ಕೆದ್ದಿತ್ತು, ಪ್ರತಿಯೊಂದು ಕೈಯಲ್ಲೂ ಮೊಬೈಲಿತ್ತು. ನನ್ನ ಪಕ್ಕದಲ್ಲಿದ್ದ ಒಬ್ಬಾತ, ಸಾಯ್ತಾ ಇದೆ ಅನ್ಸತ್ತೆ, ಝೂಮ್ ಮಾಡು ಎಂದು ತನ್ನ ಹೆಂಡತಿಗೆ ಹೇಳಿದ.

ನಾನು ಓಡಿದೆ. ಹಿಂದಿನಿಂದ ಯಜಮಾನರೂ ಓಡಿಬಂದರು. ಆ ಹಿಟ್ಟಿನಲ್ಲಿ ಕಾಲು ಹೂತು ಹೂತು ಹತ್ತುವಾಗ ನನಗೆ ನೆನಪಿದ್ದದ್ದು ಭಾನುಪ್ರಿಯಳ ಬೆನ್ನು ಒಂದೇ. ಈಗ ನಾನು ಅತ್ತೆಯ ಮುಸುಕು ಬಿಚ್ಚಿದರೆ ಆ ಬೆನ್ನಿನೊಳಗೆ ಮತ್ತೆ ಪೀಪಿ ಶುರುವಾಗುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅತ್ತೆಯವರು ನನ್ನನ್ನು ಕಂಡು, ಉಸಿರಿಲ್ಲದ ಬಾಯಿಯಲ್ಲಿಯೇ, "ತೆಗೀಬೇಡ... ನೀರು ನಿಲ್ಲಿಸ್ತಾರೆ" ಎಂದು ಕೈ ಅಡ್ಡ ಹಿಡಿದರು. ನಾನು ಆ ಕೈಯನ್ನು ಸರಿಸಿ, ಚೀಲ ಕಿತ್ತೆಸೆದು, ಕನ್ನಡಕ ತೆಗೆದು, ನನ್ನ ಸೆರಗಿನಿಂದ ಅವರ ಬಾಯಿ ಮೂಗು ಒರೆಸಿ, ಕೆಳಗಿದ್ದ ಆ ಸಾವಿರ ಕಣ್ಣುಗಳ ಕಡೆಗೆ ತಿರುಗಿ, "ನಮ್ಮತ್ತೆ! ಇವರು ನಮ್ಮತ್ತೆ! ಯಾರಾದರೂ ನೀರು ಕೊಡಿ!" ಎಂದು ಕಿರುಚಿದೆ. ಆಮೇಲೆ ಕೆಳಗಿನಿಂದ ಒಬ್ಬರು, ಕರುಣೆಯಿಂದಲ್ಲ, ಮೋಸಹೋದವರ ಧ್ವನಿಯಲ್ಲಿ, "ಅಯ್ಯೋ, ಬರೀ ಮನುಷ್ಯಳು!" ಎಂದರು. ಮೇಲೆದ್ದಿದ್ದ ಕೈಗಳು ಇಳಿದವು. ನೀರಿನ ಬಾಟಲಿ ಹಿಡಿದು ಏದುಸಿರು ಬಿಡುತ್ತಾ ಹತ್ತಿ ಬಂದವರು ಕಡಲೆಕಾಯಿ ಆಂಜಿನಪ್ಪನವರು ಮತ್ತು ನಮ್ಮ ಬೀದಿಯ ಹೆಂಗಸರು ಮಾತ್ರ.

ಅತ್ತೆಯವರನ್ನು ಯಜಮಾನರ ಆಟೋದಲ್ಲಿಯೇ ಆಸ್ಪತ್ರೆಗೆ ಒಯ್ದೆವು. ಬದುಕಿಕೊಂಡರು. ವೈದ್ಯೆ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಮೇಲೆ ಆ ಕಡೆ ಕಾಲಿಡಬಾರದು ಎಂದರು. ಯಾವ ಕಡೆ ಎಂದು ನಾವು ಕೇಳಲಿಲ್ಲ. ನಮ್ಮ ಮನೆಯೇ ಆ ಕಡೆ ಇದೆ. ಹಾಸಿಗೆಯ ಮೇಲೆ ಅತ್ತೆಯವರು ನನ್ನ ಜೊತೆ ಒಂದು ದಿನ ಪೂರ್ತಿ ಮಾತಾಡಲಿಲ್ಲ. ಮರುದಿನ, "ಇನ್ನೊಂದ್ ಗಳಿಗೆ ತಡ್ಕೊಂಡಿದ್ರೆ ನಾನೇ ಎದ್ದು ಬತ್ತಿದ್ದೆ" ಎಂದರು. ನಾನು, ಬರುತ್ತಿರಲಿಲ್ಲ ಅತ್ತೆ ಎಂದೆ. ಅವರು ಗೋಡೆಯ ಕಡೆ ತಿರುಗಿ, ಹಿಂದಕ್ಕೆ ಕೈ ಚಾಚಿ ನನ್ನ ಕೈ ಹಿಡಿದುಕೊಂಡರು.

ಟ್ಯಾಂಕರುಗಳು ಸೋಮವಾರ ಬರಲಿಲ್ಲ. ಗಾಳಿ ಅಳೆಯುವ ಯಂತ್ರವನ್ನೂ ಬಿಚ್ಚಿಕೊಂಡು ಹೋದರು. ಅಲ್ಲಿನ ಗಾಳಿಯನ್ನು ಉಸಿರಾಡುವವರು ಮನುಷ್ಯರೇ ಎಂದು ಖಾತ್ರಿಯಾದ ಮೇಲೆ ಅಳೆಯಲು ಏನು ಉಳಿಯಿತು? ತಜ್ಞರು ತಮ್ಮ ಚಾನೆಲ್ಲಿನಲ್ಲಿ, ನಿಜವಾದ ಜೀವಿಯನ್ನು ಅಡಗಿಸಿಟ್ಟು ಒಬ್ಬ ಮುದುಕಿಯನ್ನು ಮುಂದೆ ತಂದಿದ್ದಾರೆ, ಇದರ ಹಿಂದೆ ಸರೀಸೃಪರ ಕೈವಾಡವಿದೆ ಎಂದು ಹೇಳಿ, ಬೇರೆ ಜಿಲ್ಲೆಯ ಕೆರೆಯೊಂದರ ಕಡೆಗೆ ಹೊರಟುಹೋದರು. ನಮಗೆ ಮಾತ್ರ ಕಚೇರಿಯಿಂದ ಕರೆ ಬಂದಿತು. ಅತ್ತೆಗೆ ಸುಸ್ತಿದೆ, ನಾನೊಬ್ಬಳೇ ಬರುತ್ತೇನೆ ಎಂದರೂ ಅವರು ಕೇಳದೆ, ಒಗೆದ ಸೀರೆ ಉಟ್ಟು, ಬಂಗಾರಪೇಟೆಗೆ ನನ್ನ ಸಂಗಡ ಹೊರಟರು.

ಸಾಹೇಬರು ಈ ಸಲ ಕೂರಿಸಲಿಲ್ಲ. "ಏನಜ್ಜೀ, ಸರ್ಕಾರದ ನೀರು, ಡೀಸೆಲ್ಲು, ನಮ್ಮ ಟೈಮು ಎಲ್ಲಾ ಹಾಳು ಮಾಡಿದ್ರಲ್ಲ? ಅನ್ಯಗ್ರಹ ಜೀವಿ ಅಂತ ವೇಷ ಹಾಕಿ ಇಲಾಖೆಗೇ ಮೋಸ ಮಾಡೋದಾ? ಕೇಸ್ ಹಾಕಬಹುದು ಗೊತ್ತಾ?" ಎಂದು ಕೇಳಿದರು. ಯಾವ ಕಾನೂನಿನ ಯಾವ ಕಲಮಿನಲ್ಲಿ ತಮ್ಮಂಥವರ ವೇಷ ಹಾಕುವುದು ಅಪರಾಧವೆಂದು ನಾನು ಯೋಚಿಸುತ್ತಿದ್ದೆ. ಅತ್ತೆಯವರು ಮೇಜಿನ ಅಂಚು ಹಿಡಿದು ನಿಂತು, ಒಮ್ಮೆ ಕೆಮ್ಮಿ, ಉಸಿರು ಕೂಡಿಸಿಕೊಂಡು ಹೇಳಿದರು.

"ನಾನು ಯಾವತ್ತಾದ್ರೂ ಏಳಿದ್ನಾ ಸಾಮಿ, ನಾನು ಮ್ಯಾಲಿಂದ ಬಂದೋಳು ಅಂತ? ನೀವೇ ಅಂದ್ರಿ, ನೀವೇ ನಂಬುದ್ರಿ, ನೀವೇ ನೀರು ಒಡೆಸುದ್ರಿ. ನಾನು ಮನುಷ್ಯೋಳು, ನನ್ನ ಮೊಮ್ಮಗಳಿಗೆ ಉಸುರು ಕಟ್ತದೆ ಅಂತ ವರ್ಸಾನುಗಟ್ಲೆ ಇದೇ ಬಾಗ್ಲಲ್ಲಿ ನಿಂತ್ಕೊಂಡು ಏಳ್ದೆ. ಅದನ್ನ ಒಂದಿನ ನಂಬುದ್ರಾ?"

ಮೂಲೆಯ ಮೇಜಿನಲ್ಲಿದ್ದ ಶಶಿರೇಖ ಎಂಬ ಗುಮಾಸ್ತೆ ಬರೆಯುವುದನ್ನು ನಿಲ್ಲಿಸಿ ತಲೆ ತಗ್ಗಿಸಿದರು. ಸಾಹೇಬರು ಮೇಜಿನ ಮೇಲಿನ ಕಾಗದ ಸರಿಸುತ್ತಾ ಮೆತ್ತಗೆ, "ಧೂಳು ನಮ್ಮ ಸೆಕ್ಷನ್‌ಗೆ ಬರಲ್ಲಮ್ಮ" ಎಂದರು. ಕೇಸು ಹಾಕಲಿಲ್ಲ. ನೀರೂ ಹಾಕಲಿಲ್ಲ. ಹೀಗೆ ಎರಡೂ ಕಡೆ ಸಮನಾಗಿ ಏನೂ ಮಾಡದೆ ಅವರು ತೋರಿದ ನಿಷ್ಪಕ್ಷಪಾತಕ್ಕೆ ನಾವು ಕೈಮುಗಿದು ಬಂದೆವು.

ಭಾನುಪ್ರಿಯಳನ್ನು ಬೂದಿಕೋಟೆಯಲ್ಲಿ ನಮ್ಮ ತಂದೆತಾಯಿಗಳ ಮನೆಯಲ್ಲಿ ಬಿಟ್ಟಿದ್ದೇವೆ. ಅಲ್ಲಿನ ಶಾಲೆಗೆ ಸೇರಿಸಿದ್ದಾಯಿತು. ಅಲ್ಲಿ ಅವಳಿಗೆ ಉಸಿರು ಸಲೀಸಾಗಿದೆ. ಅತ್ತೆಯವರಿಗೂ ಅಲ್ಲಿಗೇ ಹೋಗಿ ಇರಿ ಎಂದರೆ, "ಬೀಗರ ಮನೇಲಿ ಎಷ್ಟು ದಿನ ಅಂತ ಕೂತ್ಕೊಳ್ಳೋದು? ನಾನೇನ್ ಚಿಕ್ ಮಗೂನಾ?" ಎನ್ನುತ್ತಾರೆ. ಭಾನುವಾರ ಬಸ್ಸಿನಲ್ಲಿ ನಾವು ಹೋಗಿ ಮಗಳನ್ನು ನೋಡಿ ಬರುತ್ತೇವೆ. ಹೊರಡುವಾಗ ಅವಳು ಅಳುವುದಿಲ್ಲ. ನಾನು ಯಾವಾಗ ಮನೆಗೆ ಬರಬಹುದು ಎಂದಷ್ಟೇ ಕೇಳುತ್ತಾಳೆ. ಗಾಳಿ ನಿಂತ ಮೇಲೆ ಎಂದು ನಾನು ಹೇಳುತ್ತೇನೆ. ಯಾವ ಗಾಳಿ ಎಂದು ಅವಳಿನ್ನೂ ಕೇಳಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಅರಿಕೆ ಇಷ್ಟೇ. ಅಮೆರಿಕದ ರೈತರನ್ನು, ಟ್ರಕ್ಕು ಓಡಿಸುವವರನ್ನು, ಹೆದ್ದಾರಿಯಲ್ಲಿ ದಾರಿ ತಪ್ಪಿದ ದಂಪತಿಗಳನ್ನು ಎತ್ತಿಕೊಂಡು ಹೋಗಿ, ಪರೀಕ್ಷಿಸಿ, ಮತ್ತೆ ಬಿಟ್ಟುಹೋಗುವುದು ತಮಗೆ ಹವ್ಯಾಸವಾಗಿದೆಯೆಂದು ಕೇಳಿದ್ದೇನೆ. ಆ ಶ್ರಮವನ್ನು ಒಂದು ಸಲ ಇತ್ತ ಕಡೆಗೆ ತಿರುಗಿಸಬೇಕು. ನಮ್ಮನ್ನು ಯಾರನ್ನೂ ಒಯ್ಯುವುದು ಬೇಡ. ಆ ದಿಬ್ಬವನ್ನು ಅಪಹರಿಸಿಕೊಂಡು ಹೋಗಿ. ಬೇಕಾದಷ್ಟು ಪರೀಕ್ಷೆ ಮಾಡಿ, ಮರಳಿ ತಂದುಬಿಡುವ ಸೌಜನ್ಯವನ್ನು ಮಾತ್ರ ತೋರಬೇಡಿ. ದಿಬ್ಬ ತಮ್ಮ ಹಾರುವ ತಟ್ಟೆಯಲ್ಲಿ ಹಿಡಿಸದಿದ್ದರೆ ಕಂತುಗಳಲ್ಲಿ ಒಯ್ಯಬಹುದು. ಅದೂ ಆಗದಿದ್ದರೆ, ಸರೀಸೃಪ ಪಂಗಡದವರು ದೊಡ್ಡ ಕುರ್ಚಿಗಳಲ್ಲಿ ಇರುವುದು ನಿಜವೇ ಆದರೆ, ಕುರ್ಚಿಯಿಂದೆದ್ದು ಒಂದು ಆಷಾಢ ನಮ್ಮ ಹಿತ್ತಿಲಲ್ಲಿ ಕೂತು ಹೋಗಲಿ. ಹಲ್ಲಿಗಳಿಗೂ ಶ್ವಾಸಕೋಶ ಇರುತ್ತದೆಂದು ನಮ್ಮ ಶಾಲೆಯ ವಿಜ್ಞಾನದ ಮೇಡಂ ಸುಮಲತ ಅವರು ಖಚಿತಪಡಿಸಿದ್ದಾರೆ.

ತಮ್ಮ ಬರವನ್ನು ಧೂಳಿನ ನಡುವಿನಿಂದ ಎದುರು ನೋಡುತ್ತಿರುವ, ಮಿಶ್ರತಳಿಯೆಂದು ಖ್ಯಾತಳಾದ,

ತಮ್ಮ ವಿಶ್ವಾಸದ ಭೂವಾಸಿ,
ಸುಕನ್ಯ

ವಿ.ಸೂ.: ತಾವು ದಯಮಾಡಿಸಿದಾಗ ಯಾರಾದರೂ ಅಧಿಕಾರಿಗಳು ತಾವು ಯಾರೆಂದು ವಿಚಾರಿಸಬಹುದು. ಬೂದು, ಹಸಿರು, ಹಲ್ಲಿ, ಮಿಡತೆ, ಏನು ಬೇಕಾದರೂ ಹೇಳಿ, ಕೂಡಲೇ ವ್ಯವಸ್ಥೆಯಾಗುತ್ತದೆ. ಇಲ್ಲಿನ ಮನುಷ್ಯರು ಎಂದು ಮಾತ್ರ ಅಪ್ಪಿತಪ್ಪಿಯೂ ಹೇಳಬೇಡಿ. ನಾವು ಹೇಳಿ ನೋಡಿದ್ದೇವೆ.